ಆರ್ಡರ್ ಮುಚ್ಚಿದ ಮೇಲೆಯೇ ಕೊಯ್ಲು

ಮಧ್ಯವರ್ತಿಯಿಲ್ಲದೆ ಬೆಳೆಗಾರರೂ ಗ್ರಾಹಕರೂ ಸೇರಿ ನಡೆಸುವ ಗುಂಪುಗಳಿಗೆ ಮೊಬೈಲ್‌ನಿಂದ ಸಿಕ್ಕ ದೊಡ್ಡ ಲಾಭವೆಂದರೆ, ಕೊಯ್ಯುವ ಮೊದಲೇ ಯಾರಿಗೆ ಎಷ್ಟು ಬೇಕೆಂಬ ಲೆಕ್ಕ ಕೈಗೆ ಸಿಗುವುದು. 2013ರಲ್ಲಿ ಫಿನ್ಲೆಂಡಿನಲ್ಲಿ ಶುರುವಾದ ರೆಕೊ ಗುಂಪುಗಳು ಇದನ್ನು ಬರೀ ಫೇಸ್‌ಬುಕ್‌ನಲ್ಲೇ ಸಾಧಿಸಿದವು: ಬೆಳೆಗಾರರ ಪೋಸ್ಟಿನ ಕೆಳಗೆ ಕಾಮೆಂಟಿನಲ್ಲಿ ಆರ್ಡರ್, ಗೊತ್ತಾದ ದಿನ ಗೊತ್ತಾದ ಜಾಗದಲ್ಲಿ ಹಂಚಿಕೆ. ಆರ್ಡರ್ ಹೆಚ್ಚಿದಂತೆ ಈ ದಾರಿ ಕಗ್ಗಂಟಾಗುತ್ತದೆ. ಬರೆದುಕೊಂಡ ಮೇಲೆ ಯಾರೋ ಕಾಮೆಂಟ್ ತಿದ್ದಿದರೆ ಬೆಳೆಗಾರರಿಗೆ ತಿಳಿಯುವುದೇ ಇಲ್ಲ. ವಾಟ್ಸ್‌ಆ್ಯಪ್‌ ಗುಂಪಿನದೂ ಇದೇ ಪಾಡು.

ಹಾಗಾಗಿ ಆರ್ಡರನ್ನು ಗೂಗಲ್ ಫಾರ್ಮ್‌ನಂಥ ಆನ್‌ಲೈನ್ ಫಾರ್ಮಿನಲ್ಲಿ ತೆಗೆದುಕೊಳ್ಳಿ; ತುಂಬಿದ್ದೆಲ್ಲ ಒಂದು ಲೆಕ್ಕದ ಹಾಳೆಗೆ, ಅಂದರೆ ಶೀಟಿಗೆ, ಸೇರುತ್ತದೆ. ಅದರಲ್ಲಿ ಮೊದಲು ಗಟ್ಟಿ ಮಾಡಬೇಕಾದದ್ದು ಆರ್ಡರ್ ಮುಚ್ಚುವ ಹೊತ್ತು. ಶನಿವಾರ ಹಂಚುವುದಾದರೆ ಗುರುವಾರ ರಾತ್ರಿ 8ಕ್ಕೆ ಫಾರ್ಮ್ ಬಂದ್, ಶುಕ್ರವಾರ ಕೊಯ್ಲು. ಮುಚ್ಚಿದ ಕೂಡಲೇ ಶೀಟಿನ ಪ್ರತಿ ತೆಗೆದು ಅದರಲ್ಲೇ ಕೆಲಸ ಮಾಡಿ. 100 ಕಟ್ಟು ಸೊಪ್ಪು ಬರಬಹುದು ಅನಿಸಿದರೆ 80ಕ್ಕೆ ಮಾತ್ರ ಆರ್ಡರ್ ತೆಗೆದುಕೊಳ್ಳಿ. ಮಳೆ, ಹುಳುಗಳ ಪಾಲು ಇದ್ದೇ ಇರುತ್ತದೆ.

ಹೆಚ್ಚು ಜಗಳ ಹುಟ್ಟುವುದು ಅಳತೆಯಲ್ಲಿ. ಫಾರ್ಮಿನಲ್ಲಿ ಬರೀ ‘2’ ಎಂದಿದ್ದರೆ ಎರಡು ಕಿಲೋನೋ ಎರಡು ಕಟ್ಟೋ? ಪದಾರ್ಥದ ಹೆಸರಿಗೇ ಅಳತೆ ಅಂಟಿಸಿಬಿಡಿ: ‘ಟೊಮೆಟೊ, 500 ಗ್ರಾಂ’. ಕುಂಬಳಕಾಯಿಯಂಥವಕ್ಕೆ ‘2ರಿಂದ 3 ಕಿಲೋ’ ಎಂದು ಬರೆದು, ತೂಗಿದ ಮೇಲೆ ಹಣ ತೆಗೆದುಕೊಳ್ಳುವುದು ಒಳ್ಳೆಯದು. ಮುಂಗಡ ಪಡೆದರೆ ಚಿಲ್ಲರೆ ಹಿಂತಿರುಗಿಸುವುದೇ ಒಂದು ಕೆಲಸವಾಗುತ್ತದೆ.

ಒಂದೇ ಶೀಟಿನಿಂದ ಎರಡು ಪಟ್ಟಿ ಬೇಕು. ಪದಾರ್ಥವಾರು ಮೊತ್ತ ಕೊಯ್ಯುವವರಿಗೆ, ಮನೆವಾರು ಪಟ್ಟಿ ಚೀಲ ತುಂಬುವವರಿಗೆ. ಶೀಟಿನ ಸಾಲುಗಳನ್ನು ಗುಂಪು ಮಾಡಿ ಮೊತ್ತ ಹಾಕಿಕೊಡುವ ಪಿವಟ್ ಟೇಬಲ್‌ನಲ್ಲಿ ಎರಡೂ ನಿಮಿಷದ ಕೆಲಸ. ಒಂದೇ ಹೆಸರಿನವರು ಇಬ್ಬರಿರಬಹುದಾದ್ದರಿಂದ ಗುರುತಿಗೆ ಫೋನ್ ನಂಬರ್ ಇರಲಿ. ಆದರೆ ಆ ಕಾಲಂನ ಮಾದರಿ ‘ಸಂಖ್ಯೆ’ ಅಲ್ಲ, ‘ಪಠ್ಯ’ (ಟೆಕ್ಸ್ಟ್) ಆಗಿರಬೇಕು, ಇಲ್ಲದಿದ್ದರೆ ಮೊದಲಿನ ಸೊನ್ನೆಯನ್ನು ಶೀಟ್ ನುಂಗಿಬಿಡುತ್ತದೆ.

ಹಲವು ಬೆಳೆಗಾರರು, ಹಲವು ಹಂಚಿಕೆ ಜಾಗಗಳು ಆದಾಗ ಮಾತ್ರ ಬೇರೆ ತಂತ್ರಾಂಶದ ಯೋಚನೆ ಮಾಡಿ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಓಪನ್ ಫುಡ್ ನೆಟ್‌ವರ್ಕ್ ಮುಕ್ತ ತಂತ್ರಾಂಶ. ಆರ್ಡರ್ ತೆರೆಯುವ, ಮುಚ್ಚುವ ಸರದಿಯನ್ನು ಅದರಲ್ಲೇ ಹೊಂದಿಸಬಹುದು. ಅದಕ್ಕಿಂತ ಚಿಕ್ಕ ಗುಂಪಿಗೆ ಫಾರ್ಮ್ ಧಾರಾಳವಾಯಿತು. ಯಾವುದನ್ನೇ ಬಳಸಿ, ಪ್ರತಿ ಸರದಿ ಮುಗಿದಾಗ ಸದಸ್ಯರ ಮತ್ತು ಆರ್ಡರ್‌ಗಳ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ (ಯಾವ ಶೀಟ್ ತಂತ್ರಾಂಶದಲ್ಲೂ ತೆರೆಯುವ ಸಾದಾ ಪಠ್ಯದ ಕಡತ) ಇಳಿಸಿಟ್ಟುಕೊಳ್ಳಿ. ಖಾತೆ ಬಂದ್ ಆದ ದಿನ ಗ್ರಾಹಕರ ಪಟ್ಟಿಯೂ ಹೋದರೆ ಗುಂಪೇ ಹೋದಂತೆ.

ಸ್ಮಾರ್ಟ್‌ಫೋನ್ ಇಲ್ಲದವರ ಆರ್ಡರನ್ನು ಕರೆಯಲ್ಲಿ ಕೇಳಿ, ಮುಚ್ಚುವ ಹೊತ್ತಿಗೆ ಮೊದಲೇ ಅದೇ ಫಾರ್ಮಿನಲ್ಲಿ ತುಂಬಲು ಒಬ್ಬರನ್ನು ನೇಮಿಸಿ. ಪ್ರತ್ಯೇಕ ಚೀಟಿಯಲ್ಲಿ ಬರೆದಿಟ್ಟರೆ ಅದು ಮೊತ್ತಕ್ಕೆ ಸೇರದೆ, ಹಂಚುವಾಗ ಅವರ ಚೀಲವೇ ಖಾಲಿ.