ಕೊನೆಕೊಯ್ಲು ಮುಗಿಸಿ ಶ್ರೀಲಂಕೆಯ ಬೆಟ್ಟಗಳಿಗೆ

ತೀರ್ಥಹಳ್ಳಿ ಸೀಮೆಯ ತೋಟದ ಮನೆಯವರು ಮೊದಲ ಬಾರಿಗೆ ವಿದೇಶಕ್ಕೆ ಹೊರಡುವುದಾದರೆ ದೇಶಕ್ಕಿಂತ ಮೊದಲು ತಿಂಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಅಡಿಕೆಗೊನೆ ಇಳಿಸುವ ಕೊನೆಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದು ಅಡಿಕೆ ಮಂಡಿ ಸೇರಿದ ನಂತರ, ತೋಟಕ್ಕೆ ನೀರು ಬಿಡುವ ಕೆಲಸವನ್ನು ಯಾರಿಗಾದರೂ ವಹಿಸಿ ಹೊರಡಬಹುದಾದ ಬಿಡುವು ಸಿಗುವುದು ಫೆಬ್ರವರಿಯ ಹೊತ್ತಿಗೆ. ಆ ತಿಂಗಳಲ್ಲಿ ಹವೆ ಅನುಕೂಲವಾಗಿರುವ, ವಾರದ ಆಸುಪಾಸಿನಲ್ಲಿ ಹೋಗಿಬರಬಹುದಾದ, ಕಾಲ್ನಡಿಗೆಗೆ ಬೆಟ್ಟಗಳಿರುವ ದೇಶ ಯಾವುದೆಂದು ನಾನೂ ಹೆಂಡತಿಯೂ ಹುಡುಕಿದಾಗ ಕೊನೆಗೆ ಉಳಿದದ್ದು ಶ್ರೀಲಂಕೆ.

“ಗುಡ್ಡ ನೋಡೋಕೆ ಪಾಸ್‌ಪೋರ್ಟ್ ಯಾಕೋ, ಕುಂದಾದ್ರಿ ಇಲ್ವಾ?” ಎಂದು ಅಪ್ಪಯ್ಯ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕೆಯನ್ನು ಜೀವವಿಜ್ಞಾನಿಗಳು ಒಂದೇ ಜೀವವೈವಿಧ್ಯ ತಾಣವೆಂದು ಎಣಿಸುತ್ತಾರೆ. ಯುನೆಸ್ಕೋ ಅಲ್ಲಿನ ಮಧ್ಯದ ಬೆಟ್ಟಸಾಲನ್ನು 2010ರಲ್ಲಿ, ನಮ್ಮ ಘಟ್ಟಗಳನ್ನು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಎತ್ತರದಲ್ಲಿ ಅವು ಕರ್ನಾಟಕದ ಬೆಟ್ಟಗಳನ್ನು ಮೀರುತ್ತವೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದ್ದರೆ, ಅಲ್ಲಿನ ಹಾರ್ಟನ್ ಪ್ಲೇನ್ಸ್ ಎಂಬ ಹುಲ್ಲುಗಾವಲೇ 2,100 ಮೀಟರ್‌ಗಿಂತ ಮೇಲಿದೆ ಎಂದಾಗ ಅಪ್ಪಯ್ಯ ಮತ್ತೆ ಮಾತಾಡಲಿಲ್ಲ, ಒಪ್ಪಿದರೆಂದೂ ಹೇಳಲಾಗದು.

ಮಳೆಯ ಲೆಕ್ಕಾಚಾರ ಮಲೆನಾಡಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಆಗುಂಬೆಗೆ ಸುರಿಯುವ ನೈಋತ್ಯ ಮುಂಗಾರೇ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಶ್ರೀಲಂಕೆಯ ನೈಋತ್ಯ ಕರಾವಳಿಯನ್ನೂ ಬೆಟ್ಟಗಳ ಪಶ್ಚಿಮ ಮಗ್ಗುಲನ್ನೂ ತೋಯಿಸುತ್ತದೆ. ಈಶಾನ್ಯ ಮಾರುತದ ಮಳೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಪೂರ್ವ ಮತ್ತು ಉತ್ತರ ಭಾಗಗಳ ಪಾಲು. ಆದ್ದರಿಂದ ಯಾವ ತಿಂಗಳಲ್ಲಿ ಹೋದರೂ ದ್ವೀಪದ ಒಂದು ಮಗ್ಗುಲು ಒಣಗಿರುವುದುಂಟು, ಅದು ಯಾವುದೆಂದು ತಿಳಿದಿರಬೇಕು ಅಷ್ಟೆ.

ಕಾಗದಪತ್ರದ ಕೆಲಸ ನಾನು ಹೆದರಿದಷ್ಟಿರಲಿಲ್ಲ. ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಆಗಬೇಕಾದ್ದರಿಂದ ಅದಕ್ಕೆ ಸಾಕಷ್ಟು ಮೊದಲೇ ಅರ್ಜಿ ಹಾಕುವುದು ಒಳ್ಳೆಯದು. ಶ್ರೀಲಂಕೆಯ ಪ್ರವೇಶಾನುಮತಿಯಾದ ಇಟಿಎಯನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಪಡೆಯಬಹುದು. ನಮ್ಮ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ವಿಮಾನವಿಲ್ಲದ ಕಾರಣ ದೇವನಹಳ್ಳಿಗೆ ಹೋಗಲೇಬೇಕು. ಅಲ್ಲಿಂದ ಕೊಲಂಬೊಗೆ ಹಾರಾಟ ಸುಮಾರು ಒಂದೂವರೆ ಗಂಟೆ. ನಮ್ಮೂರಿಂದ ದೇವನಹಳ್ಳಿ ತಲುಪುವುದಕ್ಕೆ ಅದರ ನಾಲ್ಕೈದು ಪಟ್ಟು ಸಮಯ ಬೇಕು.

ನಿಜವಾದ ಚರ್ಚೆ ನಡೆದದ್ದು ಏನನ್ನು ಬಿಡುವುದೆಂಬುದರ ಮೇಲೆ. ಹೆಂಡತಿಗೆ ಐದನೆಯ ಶತಮಾನದಲ್ಲಿ ದೊರೆ ಕಾಶ್ಯಪ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿದ ಸಿಗಿರಿಯ ನೋಡಬೇಕಿತ್ತು, ನನಗೆ ದಕ್ಷಿಣದ ಮಿರಿಸ್ಸದಲ್ಲಿ ದೋಣಿ ಹತ್ತಿ ತಿಮಿಂಗಿಲ ಕಾಣಬೇಕಿತ್ತು. ಎರಡೂ ನಕ್ಷೆಯ ಎರಡು ತುದಿಗಳು. ಚಿಕ್ಕ ಪ್ರವಾಸದಲ್ಲಿ ಎರಡನ್ನೂ ಹಿಡಿಯಹೋದರೆ ಕಾರಿನ ಕಿಟಕಿಯಲ್ಲೇ ದೇಶ ಮುಗಿದುಹೋಗುತ್ತದೆ ಎಂದು ತೋರಿ, ಒಂದೇ ರೈಲುಹಾದಿಯ ಮೇಲಿರುವ ಊರುಗಳನ್ನಷ್ಟೇ ಇಟ್ಟುಕೊಂಡೆವು: ಕ್ಯಾಂಡಿ, ಹ್ಯಾಟನ್, ‘ನಾನು ಓಯ’ ಮತ್ತು ‘ಎಲ್ಲ’ ಎಂಬ ಹೆಸರಿನ ಊರು. ಸಿಗಿರಿಯದ ವಿಷಯದಲ್ಲಿ ಅವಳಿಗೆ ಇನ್ನೂ ಸಮಾಧಾನವಿಲ್ಲ.

ಹ್ಯಾಟನ್‌ನಿಂದ ಬಸ್ಸಿನಲ್ಲಿ ನಲ್ಲತಣ್ಣಿಗೆ ಹೋಗಿ ಶ್ರೀಪಾದ ಹತ್ತಿದೆವು. 2,243 ಮೀಟರ್ ಎತ್ತರದ ಈ ಶಿಖರದ ಮೇಲಿರುವ ಹೆಜ್ಜೆಗುರುತನ್ನು ಬೌದ್ಧರು ಬುದ್ಧನದೆಂದೂ ಹಿಂದೂಗಳು ಶಿವನದೆಂದೂ ಮುಸ್ಲಿಮರು ಆದಮನದೆಂದೂ ನಂಬುತ್ತಾರೆ. ಯಾತ್ರೆಯ ಕಾಲ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೇಸಾಕ್ ಹುಣ್ಣಿಮೆಯವರೆಗೆ. ಆಗ ಮಾತ್ರ ರಾತ್ರಿಯಿಡೀ ಮೆಟ್ಟಿಲ ದಾರಿಗೆ ದೀಪವಿರುತ್ತದೆ, ಚಹಾದಂಗಡಿಗಳು ತೆರೆದಿರುತ್ತವೆ. ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ನಡುರಾತ್ರಿಯ ನಂತರ ಹತ್ತತೊಡಗಿದ ನಮ್ಮನ್ನು ಬಿಳಿಯುಟ್ಟ ಅಜ್ಜಿಯರು ಹಿಂದೆ ಹಾಕಿ ಹೋದರು. ಸೂರ್ಯ ಹುಟ್ಟಿದ ಮೇಲೆ ಪಶ್ಚಿಮಕ್ಕೆ ತಿರುಗಿ ನಿಂತರೆ ಬೆಟ್ಟದ ನೆರಳು ಮಂಜಿನ ಮೇಲೆ ನೇರ ತ್ರಿಕೋನವಾಗಿ ಬೀಳುವುದನ್ನು ನೋಡಬಹುದು. ಹೆಚ್ಚಿನವರು ಪೂರ್ವಕ್ಕೇ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ.

ಹಾರ್ಟನ್ ಪ್ಲೇನ್ಸ್‌ಗೆ ನಾನು ಓಯ ನಿಲ್ದಾಣದ ಹತ್ತಿರದ ನುವರ ಎಲಿಯದಿಂದ ಕತ್ತಲಿರುವಾಗಲೇ ಹೊರಟೆವು. ‘ವರ್ಲ್ಡ್ಸ್ ಎಂಡ್’ ಎಂಬ ಸುಮಾರು 870 ಮೀಟರ್ ಆಳದ ಕಡಿದಾದ ಅಂಚನ್ನು ಒಂಬತ್ತು ಹತ್ತು ಗಂಟೆಯೊಳಗೆ ತಲುಪದಿದ್ದರೆ ಮಂಜು ಏರಿ ಏನೂ ಕಾಣದು. ಬಾಗಿಲಲ್ಲಿ ನಮ್ಮ ಚೀಲ ಬಿಚ್ಚಿಸಿ, ಬಿಸ್ಕತ್ತಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಸಿದರು. ಕೊಡಚಾದ್ರಿಯ ದಾರಿಯಲ್ಲಿಯೂ ಇಷ್ಟು ಕಟ್ಟುನಿಟ್ಟು ಬೇಕೆಂದು ನನಗನ್ನಿಸಿತು. ಸುತ್ತುದಾರಿ 9 ಕಿಲೋಮೀಟರಿಗಿಂತ ತುಸು ಹೆಚ್ಚು, ಏರು ಕಡಿಮೆ. ಹುಲ್ಲಿನಲ್ಲಿ ಕಡವೆಗಳು ಮೇಯುತ್ತವೆ, ಕಣಿವೆಗಳಲ್ಲಿ ಕುಬ್ಜ ಮರಗಳ ಕಾಡು ಗುಂಪುಗಟ್ಟಿದೆ. ಕುದುರೆಮುಖದ ಶೋಲಾ ನೋಡಿದವರಿಗೆ ಇದು ಹೊಸದಲ್ಲ. ಆದರೆ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವಂತೆ ಇಲ್ಲಿಂದ ಮಹಾವೇಲಿ, ಕೆಲಣಿ, ವಳವೆ ನದಿಗಳಿಗೆ ನೀರು ಹರಿಯುತ್ತದೆಂದು ತಿಳಿದಾಗ ಆ ಹುಲ್ಲನ್ನು ನೋಡುವ ರೀತಿ ಬದಲಾಗುತ್ತದೆ. ಇಂಬಳಕ್ಕೆಂದು (ಜಿಗಣೆ) ಊರಿಂದ ಒಯ್ದ ಹೊಗೆಸೊಪ್ಪು, ಸುಣ್ಣ ಬಳಕೆಯಾಗಲಿಲ್ಲ, ಬೇಕಾದದ್ದು ಸ್ವೆಟರ್.

ಅಲ್ಲಿಂದ ರೈಲಿನಲ್ಲಿ ‘ಎಲ್ಲ’ ಊರಿಗೆ. ಈ ಹಾದಿಯ ಪಟ್ಟಿಪೊಲ ನಿಲ್ದಾಣ ಸುಮಾರು 1,890 ಮೀಟರ್ ಎತ್ತರದಲ್ಲಿದೆ, ಅಂದರೆ ಹೆಚ್ಚುಕಡಿಮೆ ಕುದುರೆಮುಖದ ತುದಿಯಷ್ಟು. ಕಾಯ್ದಿರಿಸಿದ ಸೀಟುಗಳು ಬಹಳ ಬೇಗ ಮುಗಿದುಹೋಗುವುದರಿಂದ ವಿಮಾನದ ಟಿಕೆಟ್ ಆದ ಕೂಡಲೇ ಇದರ ಚಿಂತೆ ಮಾಡಬೇಕು. ಆ ಊರಿನಲ್ಲಿ ಒಂಬತ್ತು ಕಮಾನಿನ ಸೇತುವೆಗಿಂತ ನನಗೆ ಹಿಡಿಸಿದ್ದು ಮಣ್ಣಿನ ಕುಡಿಕೆಯ ಎಮ್ಮೆ ಮೊಸರು ಮತ್ತು ಅದರ ಮೇಲೆ ಸುರಿದುಕೊಡುವ ಕಿತುಲ್ ಪಾಕ. ಕಿತುಲ್ ನಮ್ಮ ಬೈನೆ ಮರವೇ. ನಾವು ಅದರಿಂದ ಹೆಂಡ ಇಳಿಸುತ್ತೇವೆ, ಅವರು ಅದೇ ರಸವನ್ನು ಕಾಯಿಸಿ ಜೋನಿಬೆಲ್ಲದಂತಹ ಪಾಕ ಮಾಡಿ ಮಾರುತ್ತಾರೆ.

ಪೂರ್ವ ಕರಾವಳಿಯ ಅರುಗಂ ಬೇ ಕಡೆಗೆ ನಾವು ಹೋಗಲಿಲ್ಲ. ಅಲೆಸವಾರಿಗೆ ಪ್ರಸಿದ್ಧವಾದ ಆ ತೀರದ ಒಳ್ಳೆಯ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಾವಿಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಾ ಮಳೆ ಬಿಡುವುದನ್ನು ಕಾಯುವ ತಿಂಗಳುಗಳು. ತೋಟವಿಲ್ಲದ, ಶಿವಮೊಗ್ಗದಲ್ಲಿ ನೌಕರಿಯಲ್ಲಿರುವ ನೆಂಟರು ಕೇಳಿದಾಗಲೆಲ್ಲ ಆ ಭಾಗವನ್ನೇ ಸೂಚಿಸುತ್ತಿದ್ದೇನೆ.