ಡಿಶ್ ಕೇಬಲ್‌ಗೆ ಎಫ್ ಕನೆಕ್ಟರ್ ಹಾಕುವ ಬಗೆ

ಡಿಶ್ ಕೇಬಲಿನ ತುದಿಗೆ ಹಾಕುವ, ತಿರುಗಿಸಿ ಬಿಗಿಮಾಡುವ ಲೋಹದ ಎಫ್ ಕನೆಕ್ಟರಿಗೆ ತನ್ನದೇ ಪಿನ್ ಇರುವುದಿಲ್ಲ. ಕೇಬಲಿನ ನಡುವಿನ ತಂತಿಯೇ ಪಿನ್. ಅದಕ್ಕೇ ಸುಲಿಯುವ ಕೆಲಸ ಅಚ್ಚುಕಟ್ಟಾಗಿರಬೇಕು, ಮುಂದಿನದೆಲ್ಲ ಸುಲಭ.

ಮನೆಯ ಡಿಶ್‌ನಿಂದ ಇಳಿದು ಬರುವುದು ಸಾಮಾನ್ಯವಾಗಿ 75 ಓಮಿನ ಆರ್‌ಜಿ-6 ಬಗೆಯ ಕೇಬಲ್. ಅಂಗಡಿಯಲ್ಲಿ ಕನೆಕ್ಟರನ್ನೂ ಆರ್‌ಜಿ-6ರದ್ದೇ ಕೇಳಿ, ಕಂಪ್ರೆಷನ್ ಬಗೆಯದು, ಅಂದರೆ ಟೂಲಿನಿಂದ ಒತ್ತಿ ಕೂರಿಸುವುದು. ಆರ್‌ಜಿ-59 ಎಂಬ ಇನ್ನೊಂದು ಕೇಬಲಿನಲ್ಲಿ ನಡುವಿನ ತಂತಿಯ ಸುತ್ತಲಿನ ಬಿಳಿ ಫೋಮ್ ಸಣ್ಣದು, ಅದರ ಕನೆಕ್ಟರ್ ಇದಕ್ಕೆ ಕೂರುವುದಿಲ್ಲ. ತಿರುಗಿಸಿ ಹಾಕುವ ಅಗ್ಗದ ಕನೆಕ್ಟರ್ ತಾರಸಿಯ ಮೇಲೆ ಬೇಡವೇ ಬೇಡ. ನೀರು ಇಳಿಯುತ್ತದೆ, ಗಾಳಿಗೆ ಸಡಿಲವಾಗುತ್ತದೆ.

ಮೊದಲು ಸೆಟ್‌ಟಾಪ್ ಬಾಕ್ಸಿನ ಪ್ಲಗ್ ಕೀಳಿ. ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಚಾನೆಲಿಗೆ ತಕ್ಕಂತೆ 13 ಅಥವಾ 18 ವೋಲ್ಟ್ ಹೋಗುವುದು ಇದೇ ಕೇಬಲಿನಲ್ಲಿ. ಎರಡು ಬ್ಲೇಡಿನ ಸ್ಟ್ರಿಪ್ಪರನ್ನು ನಾಲ್ಕೈದು ಸುತ್ತು ತಿರುಗಿಸಿ ಎಳೆದರೆ ತುದಿಯಲ್ಲಿ ಸುಮಾರು 6 ಮಿ.ಮೀ. ತಂತಿ, ಅದರ ಹಿಂದೆ ಫೋಮಿನ ಮೇಲೆ ಮತ್ತೆ 6 ಮಿ.ಮೀ. ಲೋಹದ ಎಳೆಗಳ ಜಾಲರಿ ಸಿಗುತ್ತದೆ. ಜಾಲರಿಯನ್ನು ಪೂರ್ತಿ ಹಿಂದಕ್ಕೆ, ಹೊರಸಿಪ್ಪೆಯ ಮೇಲೆ ಮಡಚಿ. ಫೋಮಿಗೆ ಅಂಟಿದ ಅಲ್ಯೂಮಿನಿಯಂ ಹಾಳೆ ಹಾಗೇ ಇರಲಿ. ಈಗ ಬೆಳಕಿಗೆ ಹಿಡಿದು ನೋಡಿ: ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್, ಎಲ್‌ಎನ್‌ಬಿಗೆ ಕರೆಂಟೇ ಹೋಗುವುದಿಲ್ಲ. ತಂತಿಗೆ ಅಂಟಿಕೊಂಡ ಫೋಮಿನ ಪೊರೆಯನ್ನು ಉಗುರಿನಿಂದ ತೆಗೆಯಿರಿ, ಬ್ಲೇಡಿನಿಂದ ಕೆರೆಯಬೇಡಿ. ಬಹುಪಾಲು ಕೇಬಲಿನಲ್ಲಿ ಈ ತಂತಿ ಉಕ್ಕಿನದು, ತಾಮ್ರ ಬರೀ ಮೇಲಿನ ಲೇಪ. ಸಿಗ್ನಲ್ ಹರಿಯುವುದು ಆ ಲೇಪದಲ್ಲೇ. ಅದು ಕಿತ್ತುಬಂದ ಕಡೆ ತುಕ್ಕು ಹಿಡಿಯುತ್ತದೆ.

ಕನೆಕ್ಟರನ್ನು ನೆಟ್ಟಗೆ ಒತ್ತಿ. ಒಳಗೆ ಇಣುಕಿದರೆ ಬಿಳಿ ಫೋಮ್ ತಳದ ಮಟ್ಟಕ್ಕೆ ಸರಿಯಾಗಿ ಬಂದು ನಿಂತಿರಬೇಕು, ತಂತಿ ಅಂಚಿನಿಂದ 2–3 ಮಿ.ಮೀ. ಆಚೆ ಚಾಚಿರಬೇಕು. ಆಮೇಲೆಯೇ ಕಂಪ್ರೆಷನ್ ಟೂಲ್. ತಂತಿ ಗಿಡ್ಡವಾದರೆ ಸಂಪರ್ಕ ಆಗಾಗ ತಪ್ಪುತ್ತದೆ. 13 ವೋಲ್ಟಿನ ಚಾನೆಲ್ ಬಂದು 18ರವು ಮಾತ್ರ ಮಾಯವಾದರೂ ಮೊದಲು ಜಾಯಿಂಟನ್ನೇ ನೋಡಿ. ತುಕ್ಕು ಹಿಡಿದ ಜಾಯಿಂಟಿನಲ್ಲಿ ವೋಲ್ಟೇಜ್ ಇಳಿದಿರುತ್ತದೆ.

ಎರಡೂ ತುದಿ ಬಿಡಿಸಿಟ್ಟು ಮಲ್ಟಿಮೀಟರಿನಲ್ಲಿ ತಂತಿಗೂ ಕನೆಕ್ಟರಿಗೂ ಹಿಡಿಯಿರಿ, ಬೀಪ್ ಬರಬಾರದು. ಕೈಯಲ್ಲಿ ಬಿಗಿಮಾಡಿ, 11 ಮಿ.ಮೀ. ಸ್ಪ್ಯಾನರಿನಲ್ಲಿ ಇನ್ನೊಂದು ಚೂರು. ಮಲೆನಾಡು, ಕರಾವಳಿಯ ಮಳೆಗೆ ಮಾಮೂಲಿ ಇನ್ಸುಲೇಷನ್ ಟೇಪ್ ಸಾಲದು: ಬಿಸಿಲಿಗೆ ಅಂಟು ಬಿಟ್ಟು ಒಳಗೆ ನೀರು ಹಿಡಿದಿಡುತ್ತದೆ. ತನಗೆ ತಾನೇ ಬೆಸೆಯುವ ರಬ್ಬರ್ ಟೇಪನ್ನು ಎಳೆದು ಸುತ್ತಿ. ಗೋಡೆಯೊಳಗೆ ಹೋಗುವ ಮುಂಚೆ ಕೇಬಲ್ ಒಂದು ಗೇಣು ಕೆಳಗೆ ಜೋತು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.