ನಿಮ್ಮ ಗಾಡಿ ಎಷ್ಟಕ್ಕದ?

1993ರ ಭೂಕಂಪದ ದಿನ, ಸೆಪ್ಟೆಂಬರ್ 30, ಹತ್ತಿರ ಬಂತಂದ್ರೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ರಸ್ತೆಯಲ್ಲಿ ಜೀಪು, ಟೆಂಪೊ ಜಾಸ್ತಿಯಾಗುತ್ತವೆ. ಸ್ಮಾರಕಕ್ಕೆ ಹೂ ಹಾಕುವವರು, ಟಿವಿಯವರು, ಕಾಲೇಜಿನ ಹುಡುಗರು. ಈ ವಾರ ಸೊಲ್ಲಾಪುರದಿಂದ ಸ್ವಯಂಸೇವಕರ ಒಂದು ತಂಡ ಬಂದಿತ್ತು. ಭೂಕಂಪದಲ್ಲಿ ಬದುಕಿ ಉಳಿದವರ ಮನಸ್ಸು ಈಗ ಹೇಗಿದೆ ಅಂತ ತಿಳಿಯೋದು ಅವರ ಕೆಲಸ. ಅಕ್ಕಲಕೋಟೆಯಿಂದ ನಾನೂ ಜೊತೆಗೆ ಹೋದೆ. ಅವರ ಪಟ್ಟಿಯಲ್ಲಿ ನಮ್ಮ ಚಿಗವ್ವನ ಹೆಸರೂ ಇತ್ತು.

ಚಿಗವ್ವ ಆಳಂದ ಕಡೆಯಿಂದ ಲೋಹಾರಾ ತಾಲೂಕಿನ ಹಳ್ಳಿಗೆ ಸೊಸೆಯಾಗಿ ಬಂದವಳು. ನಾವು ಹೋದಾಗ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಹೊಸ ಉದ್ದು ಹಸನು ಮಾಡುತ್ತಿದ್ದಳು. ತಂಡದ ಒಬ್ಬ ಹುಡುಗಿ ಎದುರಿಗೆ ಕೂತಳು. ನಮ್ಮ ಅಕ್ಕಲಕೋಟೆ ಕಡೆಯವಳೇ, ಕನ್ನಡ ಚೆನ್ನಾಗಿ ಬರುತ್ತದೆ. ಫಾರ್ಮು ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

“ಅಜ್ಜಿ, ಅವತ್ತ ರಾತ್ರಿ ಏನೇನಾಯ್ತು ಹೇಳ್ರಿ.”

ಚಿಗವ್ವ ತಲೆ ಎತ್ತಲಿಲ್ಲ. “ನಿಮ್ಮ ಗಾಡಿ ಎಷ್ಟಕ್ಕದ, ತಂಗಿ?”

“ನಾಲ್ಕಕ್ಕರಿ.”

ಆಗಲೇ ಮೂರೂವರೆ ಆಗಿತ್ತು. ಚಿಗವ್ವ ಮೊರವನ್ನು ಒಮ್ಮೆ ಕೇರಿ ಹೊಟ್ಟು ಹಾರಿಸಿ, “ಹಂಗಾದ್ರ ಸಣ್ಣದು ಹೇಳ್ತೀನಿ” ಅಂದಳು.

ಈ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಬಸ್ಸಿನಲ್ಲಿ ಬರುವಾಗ ಅದೇ, ರೊಟ್ಟಿ ಬಡಿಯುವಾಗ ಅದೇ. ಸಣ್ಣದು ಹೇಳ್ತೀನಿ. ಮೂವತ್ತು ವರ್ಷದಲ್ಲಿ ಎಷ್ಟು ಜನ ಬಂದು ಎಷ್ಟು ಸಲ ಕೇಳಿದ್ದರೆ, ತನ್ನ ಮನೆಯ ಸಾವನ್ನು ಗಾಡಿಯ ಹೊತ್ತಿಗೆ ಹೊಂದಿಸಿ ಹೇಳುವುದನ್ನು ಒಬ್ಬ ಹೆಂಗಸು ಕಲಿತಿರಬೇಕು?

ಸಣ್ಣದು ಅಂದ್ರೆ ಪೇಪರಿನಲ್ಲಿ ಬರುವಂಥದ್ದು. ಅನಂತ ಚತುರ್ದಶಿ, ಗಣಪತಿ ಬಿಟ್ಟು ಬಂದು ತಡವಾಗಿ ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇದ್ದಾಗ ನೆಲ ಗುಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ವರ್ಷಾ ವರ್ಷಾ ಮಣ್ಣು ಹೊರಿಸಿದ ಮಾಳಿಗೆ. ಎಲ್ಲ ಮಲಗಿದವರ ಮೈಮೇಲೆ ಬಂತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಅಳತೆಯಲ್ಲಿ 6.2 ಅಷ್ಟೇ. ಕೊಂದಿದ್ದು ನಡುಕಕ್ಕಿಂತ ಜಾಸ್ತಿ ಆ ಮಾಳಿಗೆಯ ಭಾರ. ಚಿಗವ್ವನ ಅತ್ತೆ ಮತ್ತು ಸಣ್ಣ ಮಗ ಹೋದರು. ಇಷ್ಟು ಹೇಳಿ ಅವಳು ನಿಲ್ಲಿಸಿದಳು. ಹುಡುಗಿ ಫಾರ್ಮಿನಲ್ಲಿ ಟಿಕ್ ಹಾಕಿದಳು. ನಿದ್ದೆ ಬರುತ್ತದೆಯೇ, ಕೆಟ್ಟ ಕನಸು ಬೀಳುತ್ತದೆಯೇ, ಸದ್ದಿಗೆ ಬೆಚ್ಚುತ್ತೀರಾ. ಕಾಲು ಮುಟ್ಟಿ ನಮಸ್ಕಾರ ಮಾಡುವಾಗ ಅವಳ ಕಣ್ಣಲ್ಲಿ ನೀರಿತ್ತು. ಆ ಹುಡುಗಿ ಒಳ್ಳೆಯವಳು. ಇದನ್ನು ಬರೆಯಲೇಬೇಕು, ಯಾಕಂದ್ರೆ ನನ್ನ ಸಿಟ್ಟು ಅವಳ ಮೇಲಲ್ಲ.

ನನ್ನ ಸಿಟ್ಟು ಅವಳ ಕೈಗೆ ಆ ಫಾರ್ಮು ಮತ್ತು ನಾಲ್ಕು ಗಂಟೆಯ ಗಾಡಿ ಕೊಟ್ಟ ಮುಖಂಡನ ಮೇಲೆ. ಮನುಷ್ಯ ಚುರುಕು, ಮಾತು ಚೆನ್ನ, ಆದರೆ ಕೂತಲ್ಲಿ ಕೂರುವುದಿಲ್ಲ. ದಾರಿಯಲ್ಲಿ ಅವನೇ ತಮ್ಮ ತರಬೇತಿಯ ಪುಸ್ತಕ ತೋರಿಸಿದ್ದ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯನ್ನೇ ಆಧರಿಸಿದ್ದು. ನೋಡು, ಕೇಳಿಸಿಕೋ, ಬೇಕಾದ ನೆರವಿಗೆ ಜೋಡಿಸು, ಇವು ಮೂರೇ ಅದರ ಸಾರ. ಏನಾಯಿತು ಹೇಳು ಅಂತ ಯಾರನ್ನೂ ಒತ್ತಾಯಿಸಬೇಡ ಅಂತಲೂ ಅದರಲ್ಲಿದೆ. ಹಿಂದೆಲ್ಲ ದುರಂತದ ಜಾಗಕ್ಕೆ ಹೋಗಿ, ಒಂದೇ ಸಲ ಕೂರಿಸಿ ಎಲ್ಲ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಅಂತ ನಂಬಿದ್ದರು. ಪರೀಕ್ಷಿಸಿ ನೋಡಿದಾಗ ಅದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು ಅಂತ ಗೊತ್ತಾಯಿತು. ಪುಸ್ತಕ ಓದಿದವರ ಫಾರ್ಮಿನಲ್ಲಿ ಮೊದಲ ಪ್ರಶ್ನೆಯೇ “ಅವತ್ತ ರಾತ್ರಿ” ಅಂತ ಇದ್ದರೆ ಹೇಗೆ?

ಗಾಡಿ ಹೋಯಿತು. ನಾನು ಉಳಿದೆ.

ಚಿಗವ್ವ ರಾತ್ರಿ ಮಲಗುವ ಮೊದಲು ಮಾಡುವ ಕೆಲಸ ನೋಡಬೇಕು. ಗೂಡಿನ ಅಂಚಿನಲ್ಲಿ ಒಂದು ಸ್ಟೀಲ್ ಲೋಟ ಬೋರಲು ಹಾಕಿ, ಅದರ ಮೇಲೆ ಇನ್ನೊಂದನ್ನು ಬೋರಲು ಇಡುತ್ತಾಳೆ. ನೆಲ ನಡುಗಿದರೆ ಮೇಲಿನದು ಬಿದ್ದು ಎಚ್ಚರಾಗಲಿ ಅಂತ. ಬಾಗಿಲ ಹತ್ತಿರ ಚಪ್ಪಲಿ, ಬ್ಯಾಟರಿ. ಚಿಲಕ ಹಾಕುವುದಿಲ್ಲ. ಫಾರ್ಮಿನವರು ಇದನ್ನು ಭಯ ಅಂತ ಬರೆದುಕೊಳ್ಳುತ್ತಾರೇನೋ. ನನಗೆ ಹಾಗನ್ನಿಸಲಿಲ್ಲ. ಲೋಟ ಇಟ್ಟ ಮೇಲೆ ಅವಳು ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಾಳೆ.

ಆದರೆ ಅವತ್ತು ಬೇಗ ಮಲಗಲಿಲ್ಲ. ನಾನು ಏನೂ ಕೇಳಿರಲಿಲ್ಲ. ಉದ್ದಿನ ಚೀಲದ ಬಾಯಿ ಕಟ್ಟುತ್ತಾ ತಾನೇ ಶುರು ಮಾಡಿದಳು. ಈ ದೊಡ್ಡ ಕಥೆಯಲ್ಲಿ ಸತ್ತವರಿಗಿಂತ ಜಾಸ್ತಿ ಬಂದವಳು ಬಾಜೂ ಮನೆಯಾಕಿ. ಕತ್ತಲಲ್ಲಿ ಬರಿಗೈಲಿ ಕಲ್ಲು ಕಿತ್ತು ಚಿಗವ್ವನನ್ನು ಹೊರಗೆಳೆದವಳು ಅವಳೇ. ಆಮೇಲೆ ಪತ್ರಾ ಶೆಡ್ಡಿನಲ್ಲಿ ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡರು. ಒಬ್ಬಳಿಗೆ ರಾತ್ರಿ ಎದೆ ಹೊಡೆದುಕೊಂಡರೆ ಇನ್ನೊಬ್ಬಳು ಎದ್ದು ಕೂರುತ್ತಿದ್ದಳು. ಡಾಕ್ಟರು ಬಂದರು, ಮಾತ್ರೆ ಕೊಟ್ಟರು, ಹೋದರು. ಅವಳು ಹೋಗಲಿಲ್ಲ.

ನಂತರ ಹೊಸ ಊರು ಕಟ್ಟಿದರು. ಪೂರ್ತಿ ಬಿದ್ದ ಐವತ್ತಕ್ಕೂ ಹೆಚ್ಚು ಊರುಗಳನ್ನು ವಿಶ್ವಬ್ಯಾಂಕಿನ ಸಾಲದಲ್ಲಿ ಬೇರೆ ಜಾಗಕ್ಕೆ ಎಬ್ಬಿಸಿದ್ದು ಎಲ್ಲರಿಗೂ ಗೊತ್ತು. ಹೊಲ ಎಷ್ಟಿದೆ ನೋಡಿ ಮನೆ ಕೊಟ್ಟರು. ಹೊಲ ಇಲ್ಲದವರಿಗೆ 250 ಚದರಡಿ, ಸ್ವಲ್ಪ ಇದ್ದವರಿಗೆ 400, ದೊಡ್ಡ ರೈತರಿಗೆ 750. ಚಿಗವ್ವನ ಊರಲ್ಲಿ ಒಂದೊಂದು ಅಳತೆಗೆ ಒಂದೊಂದು ಸಾಲು. ಚಿಗವ್ವನಿಗೆ 400ರ ಸಾಲು ಬಂತು. ಬಾಜೂ ಮನೆಯಾಕೆಗೆ ಹೊಲ ಇರಲಿಲ್ಲ, ಊರಿನ ಆ ತುದಿಗೆ ಹೋದಳು. ಅಗಲವಾದ ರಸ್ತೆ, ಗಟ್ಟಿ ಮನೆ, ಸುತ್ತ ಜಾಗ, ಎಲ್ಲ ಇತ್ತು.

“ಕೂಗಿದ್ರ ಕೇಳ್ತಿದ್ದಿಲ್ಲ” ಅಂದಳು ಚಿಗವ್ವ. “ನನಗ ನಿದ್ದಿ ಹೋಗಿದ್ದು ಭೂಕಂಪ ಆದಾಗ ಅಲ್ಲ, ಈ ಮನಿಗೆ ಬಂದಾಗ.”

ಮನೆ ಕಟ್ಟಿದವರ ಮೇಲೆ ನನಗೆ ಅಗೌರವವಿಲ್ಲ. ಚಳಿ ಮಳೆಯಲ್ಲಿ ಇದ್ದವರಿಗೆ ಬೀಳದಂಥ ಸೂರು ಬೇಕಿತ್ತು. ಆದರೆ ಮನಸ್ಸಿಗೆ ಆಸರೆಯಾಗಿದ್ದ ಗೋಡೆ ಯಾವುದು ಅಂತ ನಕ್ಷೆ ಬರೆದವರು ಒಮ್ಮೆ ಕೇಳಿದ್ದರೆ, ಇಬ್ಬರು ಹೆಂಗಸರನ್ನು ಅಕ್ಕಪಕ್ಕ ಇಡೋದು ಕಷ್ಟವಿರಲಿಲ್ಲ ಅಲ್ವಾ?

ಆ ಬಾಜೂ ಮನೆಯಾಕಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿರುಕು ಬಿಟ್ಟ ಮನೆಗಳ ದುರಸ್ತಿ ನಡೆದ ಊರುಗಳಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಹೆಂಗಸರನ್ನೇ ಸಂವಾದ ಸಹಾಯಕಿಯರಾಗಿ ತಯಾರು ಮಾಡಿತ್ತು. ಗೋಡೆಯೊಳಗೆ ಅಡ್ಡ ಕಲ್ಲು ಯಾಕೆ ಬೇಕು, ಸಹಾಯಧನ ಎಲ್ಲಿಗೆ ಬಂತು, ಎಲ್ಲ ಅವರೇ ಮನೆ ಮನೆಗೆ ಹೇಳುತ್ತಿದ್ದರು. ಇವಳೂ ಆ ಗುಂಪು ಸೇರಿದಳು. 2001ರ ಜನವರಿ 26ರಂದು ಕಚ್ಛ್ ನಡುಗಿದಾಗ ನಮ್ಮ ಕಡೆಯ ಈ ಹೆಂಗಸರು ಗುಜರಾತಿಗೆ ಹೋದರು. ಇವಳೂ ಹೋದಳು. ಭಾಷೆ ಬರದು. ಅಲ್ಲಿ ಒಬ್ಬ ತಾಯಿಯ ಪಕ್ಕ ದಿನವಿಡೀ ಸುಮ್ನೆ ಕೂತಿದ್ದಳಂತೆ. ಸಂಜೆ ಆ ತಾಯಿ ಇವಳ ಕೈಗೆ ಹಿಟ್ಟಿನ ಪರಾತ ಕೊಟ್ಟು, ತಾನು ನೀರು ತರಲು ಎದ್ದಳಂತೆ. ಊರಿಗೆ ಬಂದು ಇದನ್ನು ಹೇಳುವಾಗ ಅವಳ ಮುಖ ನೋಡಿದೆ, ಎಂಟು ವರ್ಷದಲ್ಲಿ ಹಂಗ ಕಂಡಿರಲಿಲ್ಲ ಅಂತಾಳೆ ಚಿಗವ್ವ. ಬರೀ ಪಡೆಯುವವಳಾಗಿ ಇದ್ದವಳಿಗೆ ಕೊಡುವುದು ಸಿಕ್ಕಿತ್ತು. ದುರಂತದ ನಂತರ ಜನರಿಗೆ ಬೇಕಾದದ್ದು ಸುರಕ್ಷತೆ, ಸಮಾಧಾನ, ತನ್ನ ಕೈಲಾಗುತ್ತದೆ ಅನ್ನುವ ಧೈರ್ಯ, ನೆಂಟು, ಭರವಸೆ ಅಂತ ಮನಶ್ಶಾಸ್ತ್ರಜ್ಞ ಹಾಬ್‌ಫಾಲ್ ಮತ್ತು ಜೊತೆಯವರು 2007ರಲ್ಲಿ ಬರೆದರು. ಅದರಲ್ಲಿ ಮೂರನೆಯದನ್ನು ಯಾವ ಟ್ರಕ್ಕಿನಲ್ಲೂ ಹಾಕಿ ಕಳಿಸಲಾಗದು.

ನಿನ್ನೆ ಆ ಮುಖಂಡನಿಗೆ ಫೋನ್ ಮಾಡಿದೆ. ಫಾರ್ಮಿನ ಮೊದಲ ಪ್ರಶ್ನೆ ತೆಗೆಯಿರಿ, ಸೆಪ್ಟೆಂಬರ್ ಬಿಟ್ಟು ಬೇರೆ ತಿಂಗಳು ಬನ್ನಿ, ಬಂದರೆ ರಾತ್ರಿ ಉಳಿಯಿರಿ ಅಂದೆ. ವರದಿ ಕೊಡಬೇಕು, ಇಷ್ಟು ಮನೆ ಮುಗಿಸಬೇಕು ಅಂತ ಶುರು ಮಾಡಿದ. ಮನೆಗಳ ಸಂಖ್ಯೆ ಅರ್ಧ ಮಾಡಿ ಅಂದೆ. ಒಪ್ಪಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಆ ಹುಡುಗಿ ಮಾತ್ರ ದೀಪಾವಳಿ ಮುಗಿದ ಮೇಲೆ ಬರುತ್ತೇನೆ ಅಂತ ತಾನಾಗಿ ಮೆಸೇಜು ಹಾಕಿದ್ದಾಳೆ. ಚಿಗವ್ವನಿಗೆ ಹೇಳಿದೆ. ಆಗ ತೊಗರಿ ಹೊಲಕ್ಕೆ ಹೋಗುತ್ತಿರುತ್ತೇನೆ, ಬಂದರೆ ಅಲ್ಲಿಗೇ ಕರೆದುಕೊಂಡು ಬಾ ಅಂದಿದ್ದಾಳೆ. ಬಾಜೂ ಮನೆಯಾಕಿಯನ್ನೂ ಅವತ್ತು ಕರೆಸುತ್ತಾಳಂತೆ.